ಮಿಷನ್ನು ಹೇಳಿದ ಮಾತು

ಮಿಷನ್ನು ಈ ಸಲವೂ ‘ನೀರು ಬೆರೆತಿದೆ’ ಎಂದೇ ತೋರಿಸಿತು. ಹೊಣಕೆರೆ ಹತ್ತಿರದ ಆ ಊರಿನ ಡೈರಿಯ ಮುಂದೆ ಸಂಜೆ ಹಾಲು ಹಾಕಲು ನಿಂತಿದ್ದವರೆಲ್ಲ ಮೊದಲು ಮಂಗಳಮ್ಮನ ಮುಖ ನೋಡಿದರು, ಆಮೇಲೆ ರಂಜಿತಳ ಮುಖ ನೋಡಿದರು. ರಂಜಿತ ಮಂಗಳಮ್ಮನ ಅಣ್ಣನ ಮಗಳು. ಹಾಲು ಪರೀಕ್ಷಿಸುವ ಈ ಮಿಷನ್ನಿಗೆ ಪ್ರೋಗ್ರಾಂ ಬರೆಯುವ ಪಾಂಡವಪುರದ ಸಣ್ಣ ಕಂಪನಿಯಲ್ಲಿ ಅವಳ ಕೆಲಸ. ಅತ್ತೆಯ ಮೇಲೆ ಬಂದ ಅಪವಾದ ಕೇಳಿ ಓಡಿ ಬಂದಿದ್ದಳು. ಈಗಷ್ಟೇ ಹೊಸ ಪ್ರೋಗ್ರಾಂ ತುಂಬಿಸಿ, ಇಷ್ಟೂ ಜನರ ಎದುರು, “ತಪ್ಪು ನಮ್ದೇ ಇತ್ತು, ಸರಿ ಮಾಡಿದೀನಿ. ಇನ್ಮೇಲೆ ಇದು ಹೇಳಿದ್ದೇ ನಿಜ” ಎಂದಿದ್ದಳು. ಆ ಕೊನೆಯ ಮಾತೊಂದನ್ನು ಆಡದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಈಗೇನಂತೀರವ್ವ?” ಎಂದ ಡೈರಿ ಕಾರ್ಯದರ್ಶಿ ಚಿಕ್ಕಸ್ವಾಮಿ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ರಂಜಿತಳನ್ನು ಹೆಚ್ಚು ಚುಚ್ಚಿತು. “ಅಳೇದೂ ನೀರು ಅಂತು, ವಸದೂ ನೀರು ಅಂತು. ನಾನಾರ ಏನ್ ಮಾಡ್ಲಿ? ಮಂಗಳಕ್ಕ, ನಾಳಿಂದ ಆಲ್ ತರ್ಬ್ಯಾಡಿ.”

“ನಾನಂತೂ ನೀರಾಕಿಲ್ಲ ಕಣಪ್ಪ ಚಿಕ್ಕಸ್ವಾಮಿ,” ಎಂದಳು ಮಂಗಳಮ್ಮ. ಏನೋ ಹೊಳೆದವಳಂತೆ ಒಂದು ಗಳಿಗೆ ನಿಂತು, “ಆಲ್ ಕರಿಯೋಳು ಸೊಸೆ, ಮೇಘನ,” ಎಂದು ತನಗೆ ತಾನೇ ಹೇಳಿಕೊಂಡು, ಕ್ಯಾನು ಎತ್ತಿಕೊಂಡು ಮನೆ ಕಡೆ ಹೊರಟಳು. ರಂಜಿತ ಕೂಗಿದರೂ ತಿರುಗಲಿಲ್ಲ.

ಡೈರಿಯ ಜಗಲಿ ಮೇಲೆ ಕುಳಿತು ರಂಜಿತ ಲ್ಯಾಪ್‌ಟಾಪ್ ತೆರೆದಳು. ಹಿಂದೆಲ್ಲ, ಬರೆದ ಪ್ರೋಗ್ರಾಮನ್ನು ಮಿಷನ್ನಿಗೆ ಹೊಂದುವಂತೆ ಕಟ್ಟಿಕೊಡಲು ಕಂಪನಿಯ ಮುದಿ ಕಂಪ್ಯೂಟರು ಇಡೀ ಮಧ್ಯಾಹ್ನ ಏದುಸಿರು ಬಿಡುತ್ತಿತ್ತು. ಹೋದ ತಿಂಗಳು ಇವಳೇ ಮುಂದೆ ನಿಂತು ಆ ಕೆಲಸವನ್ನು ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಿಗೆ ವಹಿಸಿದ್ದಳು. ಒಮ್ಮೆ ಕಟ್ಟಿದ ಭಾಗವನ್ನು ಅವು ಕ್ಯಾಶ್ ಎಂಬ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತವೆ. ಅದಕ್ಕೆ ಬೇಕಾದ ಫೈಲುಗಳು ಬದಲಾಗದೆ ಇದ್ದರೆ, ಬೆಳಗಿನ ಸಾರನ್ನೇ ಬಿಸಿ ಮಾಡಿ ಬಡಿಸಿದ ಹಾಗೆ, ಇದ್ದದ್ದನ್ನೇ ತೆಗೆದು ಕೊಡುತ್ತವೆ. ಯಾವ ಯಾವ ಫೈಲಿನ ಮೇಲೆ ಕಣ್ಣಿಡಬೇಕು ಎಂದು ಹೇಳಬೇಕಾದವರು ಮಾತ್ರ ಮನುಷ್ಯರು.

ರಂಜಿತ ಹಸುವಿನ ಹಾಲಿನ ಅಳತೆ ಇರುವ ಫೈಲನ್ನು ಹೇಳಿದ್ದಳು, ಎಮ್ಮೆ ಹಾಲಿನದನ್ನೂ ಹೇಳಿದ್ದಳು. ಎರಡೂ ಬೆರೆತ ಹಾಲಿನದನ್ನು ಮರೆತಿದ್ದಳು. ಹಸುವಿನದನ್ನೂ ಎಮ್ಮೆಯದನ್ನೂ ಒಂದೇ ಕ್ಯಾನಿಗೆ ಸುರಿದು ತರುವವಳು ಆ ಊರಲ್ಲಿ ಮಂಗಳಮ್ಮ ಒಬ್ಬಳೇ. ರಂಜಿತ ಈಗ ತಿದ್ದಿದ್ದೂ ಅದೇ ಫೈಲನ್ನು. ಅದು ಬದಲಾದ ಸುದ್ದಿ ದೂರದ ಕಂಪ್ಯೂಟರಿಗೆ ಮುಟ್ಟಲೇ ಇಲ್ಲ, ಅದು ಹೊಸ ಪ್ರೋಗ್ರಾಮಿನ ಹೊಟ್ಟೆಯೊಳಗೆ ಹಳೇ ತಪ್ಪನ್ನೇ ಇಟ್ಟು ಕಳಿಸಿತ್ತು. ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಾಗ ಇವಳು ಅನುಮಾನ ಪಡುವುದು ಬಿಟ್ಟು ಹಿಗ್ಗಿದ್ದಳು, ಪರೀಕ್ಷೆಯನ್ನೂ ಮಾಡದೆ ಬಸ್ಸು ಹತ್ತಿದ್ದಳು. ತನ್ನ ಕೈಗೇ ಬರೆ ಹಾಕಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಕ್ಯಾಶನ್ನೆಲ್ಲ ಅಳಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟಿಸಿ ಮಿಷನ್ನಿಗೆ ತುಂಬುವ ಹೊತ್ತಿಗೆ ಡೈರಿ ಬರಿದಾಗಿತ್ತು. “ಆಯ್ತು, ಆಲ್ ತರ್ಸಿ, ಇನ್ನೊಂದ್ ಸಲ ನೋಡನ. ನಂಗೇನ್ ಅವ್ರ್ ಮ್ಯಾಲೆ ದ್ವೇಷವಾ?” ಎಂದ ಚಿಕ್ಕಸ್ವಾಮಿ, ಬೀಗ ಹಾಕದೆ ಕಾದು ಕುಳಿತ. ರಂಜಿತ ಓಡಿದಳು.

ಮಂಗಳಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಮನೆಯೊಳಗೆ ದೀಪ ಹಾಕಿರಲಿಲ್ಲ.

“ಅತ್ತೆ, ತಪ್ಪು ನಂದು ಕಣತ್ತೆ. ಈಗ ನಿಜವಾಗ್ಲೂ ಸರಿ ಮಾಡಿದೀನಿ. ಆಲ್ ತಕ್ಕಂಡ್ ಬಾ, ಚಿಕ್ಕಸ್ವಾಮಣ್ಣ ಕಾಯ್ತಾವ್ರೆ. ಮೇಘನ ಎಲ್ಲಿ? ಅವ್ಳೂ ಬರ್ಲಿ.”

“ಮೇಘನ ಒಂಟೋದ್ಲು. ಮಗೀನ ಎತ್ಕಂಡು, ಅಕ್ಕಿಹೆಬ್ಬಾಳಕ್ಕೆ, ಅವ್ರವ್ವನ ಮನೆಗೆ.” ಮಂಗಳಮ್ಮ ತಲೆ ಎತ್ತಲಿಲ್ಲ. “ಕರ್ಪೂರ ಅಚ್ಚಿ ಆಣೆ ಮಾಡುದ್ಲು ಕಣವ್ವ, ನೀರಾಕಿಲ್ಲ ಅತ್ತೆ ಅಂತ. ನಮ್ ರಂಜಿತ ಸರಿ ಮಾಡಿರೋ ಮಿಷನ್ನು ಸುಳ್ಳೇಳ್ತದೇನೇ ಅಂತ ಕೆನ್ನೆಗ್ ಒಡುದ್ಬುಟ್ಟೆ. ಕಳ್ಳಿ ಅಂದ್ಬುಟ್ಟೆ.”

ರಂಜಿತ ಅವಳ ಮುಂದೆ ಕುಕ್ಕರಿಸಿದಳು. “ನಾನೇ ಓಗಿ ಅವ್ಳ್ ಕಾಲ್ ಇಡ್ಕತೀನಿ. ಮೊದ್ಲು ಏಳತ್ತೆ. ನೀರಿಲ್ಲ ಅಂತ ಊರಿಗೆಲ್ಲ ಗೊತ್ತಾಗ್ಲಿ.”

“ಮಿಷನ್ನು ನೀರೈತೆ ಅಂದ್ರೆ ಅವ್ಳು ಕಳ್ಳಿ,” ಎಂದಳು ಮಂಗಳಮ್ಮ. “ಇಲ್ಲ ಅಂದ್ರೆ ನಾನ್ ಯಾರವ್ವ?”

ಅವಳು ಎದ್ದು, ಕ್ಯಾನಿನ ಮುಚ್ಚಳ ತೆಗೆದು, ಮಿಷನ್ನಿಗೆ ಹಾಕಲು ಒಂದು ತೊಟ್ಟೂ ಉಳಿಯದಂತೆ ಹಾಲನ್ನೆಲ್ಲ ತಿಪ್ಪೆಗೆ ಸುರಿದಳು.