ಜುಂಜಯ್ಯನ ಸಪ್ಪೆ ಸಾರು

"ಸುಳ್ಳು ಹೇಳ್ಬೇಡ ಜುಂಜಯ್ಯ. ದಿನಾ ಉಪ್ಪು ತಿಂತಿದೀಯ," ಎಂದು ಡಾಕ್ಟರ್ ಶಿವಕುಮಾರಪ್ಪ ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದರು.

"ನಮ್ ದ್ಯಾವ್ರು ಜುಂಜಪ್ಪನಾಣೆ ಸಾಮಿ! ತಿಂಗಳಾತು, ಒಂದು ಹರಳು ಬಾಯಿಗಿಟ್ಟಿಲ್ಲ!" ಜುಂಜಯ್ಯ ಎದ್ದೇ ನಿಂತ. ಲಿವರ್ ಗಡುಸಾಗಿ ನೀರು ತುಂಬಿಕೊಂಡಿದ್ದ ಹೊಟ್ಟೆ ಅವನಿಗಿಂತ ಮುಂಚೆ ಮೇಜಿಗೆ ತಾಗಿತು.

ಪಕ್ಕದಲ್ಲಿದ್ದ ಹೆಂಡತಿ ಮುದ್ದಕ್ಕ ಸೆರಗಿನ ಚುಂಗನ್ನು ಬೆರಳಿಗೆ ಸುತ್ತತೊಡಗಿದಳು.

"ಒಂದು ಹಗಲು ಒಂದು ರಾತ್ರಿ ಹೊಯ್ದದ್ದನ್ನೆಲ್ಲ ಕ್ಯಾನಿನಾಗೆ ಹಿಡಿದು ತಂದ್ಯಲ್ಲ, ಅದನ್ನ ದಾವಣಗೆರೆಗೆ ಕಳಿಸಿದ್ದೆ. ಅಲ್ಲಿ ಹೊಸ ಮಿಷನ್ ಐತೆ. ಎಷ್ಟು ಉಪ್ಪು ತಿಂದೆ ಅಂತ ಉಚ್ಚೆ ನೋಡೇ ಹೇಳ್ತಾರೆ. ಹಿಂಗೇ ತಿಂದ್ರೆ ಹೊಟ್ಟೆ ಇಳಿಯಲ್ಲ. ಜೀವಕ್ಕೇ ಕುತ್ತು."

"ಹಂಗಾರೆ ನಿಮ್ ಮಿಷನ್ನೇ ಕೆಟ್ಟೈತೆ! ನಮ್ಮೂರು ಹರಿಯಬ್ಬೆಗೆ ಬಂದು ಯಾರನ್ನಾದ್ರೂ ಕೇಳ್ರಿ."

ಅದೇನೋ ನಿಜವೇ. ಅವನು ಉಪ್ಪು ಬಿಟ್ಟ ಸುದ್ದಿ ಹರಿಯಬ್ಬೆಯ ಕುರಿಗಳಿಗೆ ಬಿಟ್ಟರೆ ಮಿಕ್ಕೆಲ್ಲರಿಗೂ ಗೊತ್ತಿತ್ತು. ಮನಸ್ಸು ಗಟ್ಟಿ ಮಾಡಿದರೆ ನಾಲಿಗೆ ತಾನಾಗಿ ಬಗ್ಗುತ್ತದೆ ಎಂದು ಹೋಟೆಲಿನಲ್ಲಿ ಕುಳಿತವರಿಗೆ ಉಪದೇಶ ಮಾಡಿ ಮಾಡಿ, ಅವರ ಬೋಂಡವೆಲ್ಲ ಆರಿ ಹೋಗುತ್ತಿತ್ತು.

ಜೀವಕ್ಕೇ ಕುತ್ತು ಎಂದ ಮೇಲೆ ಮುದ್ದಕ್ಕನಿಗೆ ಸುಮ್ಮನಿರಲಾಗಲಿಲ್ಲ. "ನಾನೇ ಸಾಮಿ... ಮೊದಲ ಎರಡು ದಿನ ತಟ್ಟೆ ದಬ್ಬಿ ಹಂಗೇ ಮಲಗಿದ್ರು. ಮೂರನೇ ದಿನ ಸಾರಿಗೆ ಒಂದು ಚಿಟಿಕೆ ಹಾಕ್ದೆ. ಎರಡು ಮುದ್ದೆ ಉಂಡು, 'ನಾಲಿಗೆ ಒಗ್ಗಿತು ಕಣೇ' ಅಂದ್ರು. ಆಮೇಲೆ ಹೆಂಗೆ ನಿಲ್ಲಿಸ್ಲಿ?"

ಡಾಕ್ಟರು ನಗು ನುಂಗಿಕೊಂಡು ಕನ್ನಡಕ ಒರೆಸಿಕೊಂಡರು. ಜುಂಜಯ್ಯ ನಗಲಿಲ್ಲ. ಹಿರಿಯೂರಿನಿಂದ ಊರಿಗೆ ಮರಳುವ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿ ಕಡೆಗೇ ಮುಖ. ಊರು ಹತ್ತಿರ ಬಂದಾಗ ಒಂದೇ ಮಾತು: "ಇದು ಹೋಟ್ಲು ತಂಕ ಹೋಗ್ಬಾರ್ದು."

ಅಂದು ಸಂಜೆ ಮುದ್ದಕ್ಕ ಉಪ್ಪಿನ ಮಡಕೆ ಮುಟ್ಟದೆ ಸಾರು ಮಾಡಿದಳು. ಜುಂಜಯ್ಯ ಮೊದಲ ತುತ್ತು ನುಂಗಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ಬಿಡದೆಯೇ, ಇನ್ನೊಂದು ತುತ್ತು ಮುರಿದ. ಹಾಗೇ ಅರ್ಧ ಮುದ್ದೆ ಕರಗಿತು. ಅದನ್ನು ನೋಡುತ್ತಿದ್ದ ಅವಳಿಗೆ ಅಳು ಉಕ್ಕಿ ಬಂತು. ಸೌಟು ಹಿಡಿದುಕೊಂಡೇ ಬಿಕ್ಕಿದಳು.

"ಲೇ, ಅತ್ತಾಗೆ ತಿರುಗಿ ಅಳೇ," ಎಂದ ಜುಂಜಯ್ಯ, ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ಸಾರಿಗೆ ಬಿದ್ದಾತು."