ಕಬ್ಬಿಣದ ಸಲಿಕೆ

"ಆ ಸಲಿಕೆ ಕೆಳಗಿಡಿ, ಸಾಹೇಬ್ರೇ!" ಅಳಿವೆಯ ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದ್ದ ಚಿಪ್ಪಕ್ಕ ಗದರಿದಳು. ಮೂವತ್ತು ವರ್ಷ ಅಲ್ಲೇ ಚಿಪ್ಪು ಹೆಕ್ಕಿದವಳು. "ಹೋದ ಎರಡು ಸಲಾನೂ ಕಬ್ಬಿಣದ ಸಲಿಕೇಲೇ ಕೆಸರು ತೆಗೆದ್ರಿ. ಆಮೇಲೆ ಅದ್ರಲ್ಲಿ ಸಿಕ್ಕ ಸೀಸ ಮೇಲಿನ ಗಣಿಯಿಂದ ಬಂದಿದ್ದಲ್ಲ, ಸಲಿಕೆಯ ಲೋಹದಿಂದ ಸೇರಿದ್ದು ಅಂತ ವರದೀನೇ ಎಸೆದ್ರಿ. ಯಾರ ಕಿವಿಗೆ ಹೂವಿಡ್ತೀರಿ?"

ಕೆಸರಿನ ಮಾದರಿ ಒಯ್ಯಲು ಬಂದಿದ್ದ ಅಧಿಕಾರಿ ಕೈಗವಸು ಸರಿಮಾಡಿಕೊಂಡ. "ಪ್ಲಾಸ್ಟಿಕ್ ಸೌಟು ತರೋದು ಮರೆತೋಯ್ತಮ್ಮಾ. ಅಷ್ಟಕ್ಕೂ ಈ ಕೆಸರಲ್ಲಿ ಏನೂ ಇಲ್ಲ, ಸುಮ್ನೆ ಗಾಬರಿ ಬೀಳ್ತೀರ." ದಡದಲ್ಲಿದ್ದ ಗಣಿ ಮ್ಯಾನೇಜರ್ ಹೌದೌದೆಂದು ತಲೆಯಾಡಿಸಿದ.

ಚಿಪ್ಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮೂರನೇ ಸಲಾನೂ ಮರೆತ್ರಾ? ಹಾಗಾದ್ರೆ ನಾನೇ ತೆಗೀತೀನಿ. ನನ್ನ ಕೈ ಕಬ್ಬಿಣದ್ದಲ್ವಲ್ಲ!" ಎನ್ನುತ್ತ ಬಗ್ಗಿ, ಕೈಯನ್ನು ಮೊಣಕೈವರೆಗೂ ಕೆಸರಿಗೆ ಇಳಿಸಿದಳು.

"ಅಯ್ಯೋ, ಬರಿಗೈ ಹಾಕ್ಬೇಡಿ!" ಅಧಿಕಾರಿ ಬಾಯಿ ತಪ್ಪಿ ಕೂಗಿಬಿಟ್ಟ. "ಅದು ವಿಷ!"

ಸುತ್ತ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರೆಲ್ಲ ನೆಟ್ಟಗೆ ನಿಂತು ತಮ್ಮ ತಮ್ಮ ಕೈ ನೋಡಿಕೊಂಡರು. ಚಿಪ್ಪಕ್ಕ ಅವನು ಮಾದರಿಗೆಂದು ತಂದಿದ್ದ ಬಿಳಿ ಡಬ್ಬಿಯೊಳಗೆ ಕಪ್ಪು ಕೆಸರಿನ ಮುಷ್ಟಿ ಬಿಚ್ಚಿದಳು.

"ಮೇಲೆ ಚೀಟಿ ಅಂಟಿಸ್ತೀರಲ್ಲ, ಈಗ ಕೂಗಿದ್ದನ್ನೇ ಅದರಲ್ಲಿ ಬರೀರಿ."