ಕಿಡಿ ಪ್ರಭುವಿನ ಒಡೆದ ದನಿ

ಅಭಿಮಾನಿಗಳ ದೂರಿಗೆ ತಕ್ಕಂತೆ ಹೊಸ ಆಲ್ಬಮ್‌ಗಳು ದಿನಾ ಬೆಳಿಗ್ಗೆ ತಿದ್ದುಪಡಿಯಾಗುತ್ತಿದ್ದ ಕಾಲವದು. ಹುಬ್ಬಳ್ಳಿಯ ನರ್ಸ್ ನಾಗರತ್ನಾ ತನ್ನ ಮೆಚ್ಚಿನ ರಾಕ್ ಗಾಯಕ ಕಿಡಿ ಪ್ರಭುವಿನ ಹೊಸ ಆಲ್ಬಮ್ ಅನ್ನು ಸೋಮವಾರ ಕೇಳಿದಳು. ಐದನೇ ಹಾಡಿನಲ್ಲಿ ‘ಅವ್ವಾ’ ಎನ್ನುವಾಗ ಅವನ ದನಿ ಒಡೆಯಿತು. ಇವಳಿಗೂ ಕಣ್ಣೀರು ಬಂತು. ಮಂಗಳವಾರ ಮತ್ತೆ ಕೇಳಿದರೆ ಆ ದನಿ ನುಣುಪಾಗಿಬಿಟ್ಟಿತ್ತು.

“ಯಾರಲೇ ಇದಕ್ಕ ದೂರು ಕೊಟ್ಟವರು?” ಎಂದು ತಮ್ಮ ಈರಣ್ಣನ ಮುಂದೆ ರೇಗಿದಳು.

“ನಾನೂ ಕೊಟ್ಟೇನಿ. ಅವನ ಗಂಟಲಾ ಕೆಟ್ಟಂಗಿತ್ತಲ್ಲಕ್ಕಾ?”

“ಅಂವ ಅಳಾಕತ್ತಿದ್ದಲೇ, ಹುಚ್ಚಾ!”

ಹಳೆಯ ದನಿಯೇ ಬೇಕೆಂದು ಅವಳೂ ಸಿಟ್ಟಿನಿಂದ ದೂರು ಬರೆದಳು. ಬುಧವಾರ ಅದು ಮರಳಿ ಬಂದಿತ್ತು. ಹತ್ತೂ ಹಾಡುಗಳಲ್ಲಿ, ಸಾಲಿಗೊಮ್ಮೆ ಪ್ರಭುವಿನ ದನಿ ಒಡೆಯುತ್ತಿತ್ತು. ನಾಗರತ್ನಾ ಹಲ್ಲು ಕಚ್ಚಿ ಕೂತಳು.

“ಈಗ ಭಾಳ ಛಲೋ ಆತು ನೋಡಕ್ಕಾ,” ಎಂದ ಈರಣ್ಣ, ಕಣ್ಣೊರೆಸಿಕೊಳ್ಳುತ್ತಾ.